ಬಾಗಿದ ಪರದೆಯ ಮುಂದೆ ಬೀಗರು

ಸುಮಲತಾ ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ನಿಂತರೆ, ಬಸ್ಸಿನಿಂದ ಇಳಿಯುವವರಲ್ಲಿ ಅರ್ಧ ಜನರ ಗುರುತು ಹಿಡಿಯುತ್ತಾಳೆ. ಅವರಲ್ಲಿ ಒಬ್ಬರಿಗೂ ಇವಳ ಗುರುತಿರುವುದಿಲ್ಲ. ಒಮ್ಮೆ ನಾನು ಜೊತೆಗಿದ್ದಾಗ, ಬಾಳೆಹಣ್ಣಿನ ಗಾಡಿಯ ಹತ್ತಿರ ನಿಂತಿದ್ದ ಒಬ್ಬ ಹಿರಿಯರನ್ನು ಕಣ್ಣಿನಲ್ಲೇ ತೋರಿಸಿ, ಹಡಗಲಿಯ ಮದುವೆಯೊಂದರಲ್ಲಿ ಅವರು ಎಲ್ಲ ಫೋಟೊಗಳಲ್ಲೂ ಕಣ್ಣು ಮುಚ್ಚಿದ್ದರು, ಕೊನೆಗೆ ಪಕ್ಕದಲ್ಲಿ ನಿಂತಿದ್ದ ಅವರ ಅಣ್ಣನ ಕಣ್ಣು ತಂದು ಹಚ್ಚಿದೆ ಎಂದಳು. ಮುಖದಲ್ಲಿ ಅಣ್ಣನ ಕಣ್ಣಿರುವ ಸುದ್ದಿ ತಿಳಿಯದ ಆ ಹಿರಿಯರು ಹಣ್ಣಿಗೆ ಚೌಕಾಶಿ ಮಾಡುತ್ತ ನಿಂತಿದ್ದರು.

ಅವಳ ಕೆಲಸ ಮದುವೆಯ ಆಲ್ಬಮ್‌ಗಳನ್ನು ಡಿಸೈನ್ ಮಾಡುವುದು. ಗಂಡ ಕೊಟ್ರಸ್ವಾಮಿ ಫೋಟೊ ತೆಗೆಯುತ್ತಾನೆ. ನನ್ನ ಮನೆಯ ಎದುರಿಗೇ ಅವರ ಮನೆ, ಅದರ ಮುಂದಿನ ಕೋಣೆಯೇ ಸ್ಟುಡಿಯೊ. ಕೊಟ್ರಸ್ವಾಮಿ ತೆಗೆದದ್ದಲ್ಲದೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸ್ಟುಡಿಯೊದವರೂ ತಮ್ಮ ಫೋಟೊಗಳನ್ನು ಇವಳಿಗೆ ಕಳಿಸುತ್ತಾರೆ. ಇವಳು ಸಾವಿರಾರು ಫೋಟೊಗಳಲ್ಲಿ ಬೇಕಾದವನ್ನು ಆರಿಸಿ, ಹಿಂದಿನ ನೀರಿನ ಟ್ಯಾಂಕು, ಕರೆಂಟಿನ ಕಂಬಗಳನ್ನು ಅಳಿಸಿ, ಉದ್ದನೆಯ ಶೀಟುಗಳಲ್ಲಿ ಜೋಡಿಸಿ ದಾವಣಗೆರೆಯ ಲ್ಯಾಬಿಗೆ ಕಳಿಸುತ್ತಾಳೆ. ಅಲ್ಲಿ ಅಚ್ಚಾಗಿ ಆಲ್ಬಮ್ ಆಗುತ್ತದೆ. ಮದುವೆಗೆ ಮೊದಲೇ ತೀರಿಕೊಂಡ ಅಜ್ಜನನ್ನೂ ಗುಂಪಿನಲ್ಲಿ ನಿಲ್ಲಿಸಿಕೊಡಿ ಎಂದು ಕೇಳುವವರಿದ್ದಾರೆ. ಆ ಕೆಲಸ ಬಹಳ ಕಷ್ಟವೆನ್ನುತ್ತಾಳೆ. ಉಳಿದವರೆಲ್ಲ ಮದುಮಕ್ಕಳ ಕಡೆ ನೋಡಿ ನಗುತ್ತಿದ್ದರೆ, ತೀರಿಕೊಂಡವರು ಮಾತ್ರ ಆಧಾರ್ ಕಾರ್ಡಿನಲ್ಲಿದ್ದಂತೆ ನೇರಕ್ಕೆ ನೋಡುತ್ತಿರುತ್ತಾರಂತೆ.

ಅವಳು ಹುಟ್ಟಿದ್ದು ಉಜ್ಜಿನಿಯಲ್ಲಿ. ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿಯೇ ಬಿ.ಕಾಂ. ಓದಿದಳು. ನನ್ನ ವಿಷಯ ಅವಳಿಗಿರಲಿಲ್ಲವಾದ್ದರಿಂದ ಅವಳ ಜಾಣತನದಲ್ಲಿ ನನ್ನ ಪಾಲೇನೂ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಪಾಸ್‌ಪೋರ್ಟ್ ಫೋಟೊ ಕತ್ತರಿಸಿಕೊಡುತ್ತಿದ್ದಳು. ಗಂಡ ಆಲ್ಬಮ್ ಕೆಲಸವನ್ನು ಹೊರಗೆ ಕೊಡುತ್ತಿದ್ದುದನ್ನು ನೋಡಿ ತಾನೇ ಕಲಿತಳು. ಮೊದಲ ವರ್ಷದ ಆಲ್ಬಮ್‌ಗಳಲ್ಲಿ ಮದುಮಕ್ಕಳನ್ನು ಗುಲಾಬಿ ಹೂವಿನೊಳಗೆ ಕೂರಿಸುತ್ತಿದ್ದಳು, ಹಿಮಾಲಯದ ಮುಂದೆ ನಿಲ್ಲಿಸುತ್ತಿದ್ದಳು. ಆ ಕಾಲದ ಎರಡು ಆಲ್ಬಮ್‌ಗಳನ್ನು ನಾನು ನೋಡಿದ್ದೇನೆ. ಸಹಿಸಿಕೊಂಡೆ. ಆಮೇಲೆ ಅವಳೇ ಅದನ್ನೆಲ್ಲ ಬಿಟ್ಟಳು. ಮುಖಗಳಿಗೆ ಮುಖಗಳೇ ಸಾಕು, ಹೂವು ಯಾಕೆ ಎಂದಳು. ಅಂದಿನಿಂದ ಅವಳ ಕೆಲಸ ನೋಡುವಂತಾಯಿತು, ಬೇಡಿಕೆಯೂ ಬಂತು.

ಬೇಡಿಕೆ ಕುಸಿದದ್ದು ಒಂದು ಮೂಗಿನಿಂದ. ಆಲ್ಬಮ್‌ನ ಶೀಟು ಎರಡು ಪುಟಗಳಷ್ಟು ಅಗಲವಿರುತ್ತದೆ, ನಡುವೆ ಮಡಿಕೆ. ಆ ಮಡಿಕೆಯ ಮೇಲೆ ಯಾರ ಮುಖವೂ ಬರಬಾರದು. ಇದು ಆ ಕಸುಬಿನ ಮೊದಲನೆಯ ಪಾಠ. ಅವಳ ಹಳೆಯ ಮಾನಿಟರ್ ಸಣ್ಣದು. ಇಡೀ ಶೀಟನ್ನು ಒಮ್ಮೆಗೇ ಕಾಣಿಸಿದರೆ ಮುಖಗಳು ಕಡಲೆಕಾಳಿನಷ್ಟಾಗುತ್ತಿದ್ದವು. ಮುಖ ಕಾಣುವಂತೆ ಮಾಡಿದರೆ ಶೀಟಿನ ಅರ್ಧ ಪರದೆಯ ಹೊರಗೆ ಹೋಗುತ್ತಿತ್ತು. ಹಾಗೆ ಅರ್ಧರ್ಧವಾಗಿ ಕೆಲಸ ಮಾಡುತ್ತಿದ್ದಾಗ ಹಡಗಲಿ ಕಡೆಯ ಒಂದು ಮದುವೆಯಲ್ಲಿ ಹೆಣ್ಣಿನ ಸೋದರಮಾವನ ಮುಖ ಸರಿಯಾಗಿ ಮಡಿಕೆಗೆ ಬಿತ್ತು. ಆಲ್ಬಮ್ ಬಂದಾಗ ಅವರ ಮೂಗು ಎರಡು ಭಾಗವಾಗಿ, ನಡುವಿನದನ್ನು ಅಂಟು ನುಂಗಿತ್ತು. ಬಾಸಿಂಗ ಕಟ್ಟುವಾಗಲೂ ಧಾರೆಯಲ್ಲಿಯೂ ಮುಂದೆ ನಿಂತ ಸೋದರಮಾವ ಅವರು. ನನ್ನ ಮೂಗಿನ ಮೇಲೆ ಬಾಗಿಲು ಹಾಕಿದ್ದಾರೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಮಾತು ಸ್ಟುಡಿಯೊಗಳಿಗೆ ಮುಟ್ಟಿತು. ಕೆಲಸ ಕಳಿಸುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು.

ಆಗ ದಾವಣಗೆರೆಯ ಲ್ಯಾಬಿನ ಮಾಲೀಕ ಕರಿಸಿದ್ದಪ್ಪ ಅವಳನ್ನು ಕೆಲಸಕ್ಕೆ ಕರೆದರು. ತಮ್ಮಲ್ಲಿ ದೊಡ್ಡ ಮಾನಿಟರ್‌ಗಳಿವೆ, ಸಂಬಳ ಕೊಡುತ್ತೇನೆ, ರೈಲಿನಲ್ಲಿ ಬಂದು ಹೋಗು ಎಂದರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅಲ್ಲಿ ಅವಳು ಹತ್ತು ಮಂದಿಯಲ್ಲಿ ಒಬ್ಬಳಾಗಿ, ಲ್ಯಾಬಿನವರು ಹೇಳಿದ ಹೂವುಗಳನ್ನೇ ಹಾಕಬೇಕಾಗುತ್ತಿತ್ತು. ಹತ್ತು ವರ್ಷ ತನ್ನ ಮನಸ್ಸಿನಂತೆ ಕೆಲಸ ಮಾಡಿದವಳಿಗೆ ಅದು ಬೇಡವಾಗಿತ್ತು. ಸ್ವಲ್ಪ ಕಾಲಾವಕಾಶ ಕೇಳಿಕೊಂಡಳು. ಕೊಟ್ರಸ್ವಾಮಿ ತೆಗೆದ ಒಂದು ಮದುವೆಯ ಆಲ್ಬಮ್ ಬಾಕಿಯಿತ್ತು. ಗಂಡಿನವರು ಗುಡೇಕೋಟೆಯವರು, ಹೆಣ್ಣಿನವರು ಹರಪನಹಳ್ಳಿ ಕಡೆಯ ಅರಸೀಕೆರೆಯವರು. ಎರಡೂ ಕಡೆ ದೊಡ್ಡ ಬಳಗ. ಈ ಆಲ್ಬಮ್ ಎರಡೂ ಕಡೆಯವರು ಮೆಚ್ಚುವಂತೆ ಬಂದರೆ ಐದು ತಾಲೂಕಿಗೂ ಸುದ್ದಿ ಹೋಗುತ್ತದೆ, ಮೂಗಿನ ಮಾತು ಮುಚ್ಚಿಹೋಗುತ್ತದೆ. ಅವರು ಬೇಡವೆಂದರೆ ಸೋಮವಾರದಿಂದ ದಾವಣಗೆರೆಯ ರೈಲು. ಕರಿಸಿದ್ದಪ್ಪನವರಿಗೆ ಅವಳು ಹೇಳಿಕಳಿಸಿದ್ದು ಇಷ್ಟೇ.

ಆದ್ದರಿಂದ ಇಡೀ ಶೀಟು ಒಮ್ಮೆಗೇ ಕಾಣುವ ಮಾನಿಟರ್ ಬೇಕಾಯಿತು. ಕೊಳ್ಳಲು ಗಂಡಹೆಂಡತಿ ದಾವಣಗೆರೆಗೆ ಹೋದರು. ಹೋಗುವಾಗ ಅವಳು ಆಲ್ಬಮ್‌ನ ಒಂದು ಖಾಲಿ ಶೀಟನ್ನು ಸುರುಳಿ ಸುತ್ತಿ ಬಗಲಲ್ಲಿ ಇಟ್ಟುಕೊಂಡಿದ್ದಳು. ಅಂಗಡಿಯಲ್ಲಿ ಆದದ್ದನ್ನು ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ. ಹೆಂಡತಿ ಹೇಳಿದ್ದನ್ನೇ ನಾನು ನಂಬಿದ್ದೇನೆ.

ಅಂಗಡಿಯವನು ಮೊದಲು ಕೇಳಿದ ಪ್ರಶ್ನೆ, "ಗೇಮಿಂಗಿಗಾ ಮೇಡಂ, ವರ್ಕಿಗಾ?"

"ಮದಿವಿಗೆ" ಎಂದಳು ಸುಮಲತಾ.

ಅವನು ಮದುವೆಯಲ್ಲಿ ಉಡುಗೊರೆ ಕೊಡಲು ಎಂದು ತಿಳಿದು, ಬಣ್ಣದ ಕಾಗದ ಸುತ್ತಿ ಕೊಡುವುದಾಗಿ ಹೇಳಿದ. ವಿಷಯ ತಿಳಿದ ಮೇಲೆ ಮೂವತ್ನಾಲ್ಕು ಇಂಚಿನ ಸಪಾಟಾದ ಒಂದು ಮಾನಿಟರ್ ತೋರಿಸಿದ. ಸಾಮಾನ್ಯ ಮಾನಿಟರ್‌ಗಿಂತ ಅಗಲವಾದದ್ದು, ಇದಕ್ಕೆ ಅಲ್ಟ್ರಾವೈಡ್ ಎನ್ನುತ್ತಾರೆ ಎಂದ. ಅದು ಸೆಕೆಂಡಿಗೆ ಎಷ್ಟು ಸಲ ಮಿನುಗುತ್ತದೆ, ಎಷ್ಟು ಕೋಟಿ ಬಣ್ಣ ತೋರಿಸುತ್ತದೆ ಎಂದು ಹೇಳುತ್ತಿರುವಾಗಲೇ ಇವಳು ಶೀಟು ಬಿಚ್ಚಿ ಗಾಜಿಗೆ ಹಿಡಿದಳು. ಶೀಟು ಎರಡೂ ಕಡೆ ಹೊರಕ್ಕೆ ಚಾಚಿತು. ಮೂವತ್ನಾಲ್ಕು ಇಂಚು ಎನ್ನುತ್ತೀಯ, ಅಗಲ ಅಷ್ಟಿಲ್ಲವಲ್ಲ ಎಂದಳು. ಪರದೆಯ ಅಳತೆ ಓರೆಯಾಗಿ, ಕೆಳಗಿನ ಮೂಲೆಯಿಂದ ಮೇಲಿನ ಎದುರು ಮೂಲೆಗೆ ಎಂದು ಅವನು ವಿವರಿಸಿದ.

"ಮೂಲಿಯಿಂದ ಮೂಲಿಗೆ ಯಾರು ಅಳಿತಾರಪ್ಪ? ಹೊಲಾನ ಹಂಗ ಅಳದ್ರ ನಮ್ಮ ಊರಾಗ ಎಲ್ಲಾರೂ ಸಾವ್ಕಾರ್ರೇ."

ಹೀಗೆ ಅಂಗಡಿಯಲ್ಲಿದ್ದ ಪ್ರತಿಯೊಂದು ಮಾನಿಟರ್‌ಗೂ ಶೀಟು ಹಿಡಿದು ನೋಡಿದಳು, ದರ್ಜಿ ಅಂಗಿಯ ಬಟ್ಟೆಯನ್ನು ಬೆನ್ನಿಗೆ ಹಿಡಿದು ನೋಡುವಂತೆ. ಕೊನೆಗೆ ಒಂದೇ ಒಂದು ಹೊಂದಿತು. ಶೀಟು ಪೂರ್ತಿ ಹಿಡಿದು, ಎರಡೂ ಕಡೆ ಫೋಟೊ ತಿದ್ದುವ ಗುಂಡಿಗಳಿಗೆ ಸಾಕಾಗುವಷ್ಟು ಜಾಗ ಉಳಿಯಿತು. ಆಟವಾಡುವವರಿಗಾಗಿ ಮಾಡಿದ ಮಾನಿಟರ್ ಅದು, ನಲವತ್ತೊಂಬತ್ತು ಇಂಚಿನದು. ಎರಡು ಮಾನಿಟರ್‌ಗಳನ್ನು ಪಕ್ಕಪಕ್ಕ ಇಟ್ಟು ಬೆಸೆದಂತೆ ಉದ್ದ. ಸಪಾಟಾಗಿರದೆ ಬಿಲ್ಲಿನಂತೆ ಒಳಕ್ಕೆ ಬಾಗಿತ್ತು. ಎದುರಿನ ಕುರ್ಚಿಯಲ್ಲಿ ಕೂತರೆ ಎರಡೂ ತುದಿಗಳು ಕೂತವರ ಕಡೆಗೆ ತಿರುಗಿರುತ್ತಿದ್ದವು. ಅಂಗಡಿಯವನು ಕೊಟ್ರಸ್ವಾಮಿಯನ್ನು ಆ ಕುರ್ಚಿಯಲ್ಲಿ ಕೂರಿಸಿ ಕಾರಿನ ರೇಸೊಂದನ್ನು ಹಾಕಿದ. ರಸ್ತೆಯಲ್ಲಿ ಎಂದೂ ಬೈಕಿನ ವೇಗ ಹೆಚ್ಚಿಸದ ಮನುಷ್ಯ ಪರ್ವತದ ತಿರುವಿನಲ್ಲಿ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡನಂತೆ. ಇದೇ ಇರಲಿ ಎಂದು ಅವನು ಹೇಳಿದ್ದು ಯಾವ ಕಾರಣಕ್ಕೆ ಎಂಬುದು ಸ್ಪಷ್ಟ. ಸುಮಲತಾ ಅದೇ ಕುರ್ಚಿಯಲ್ಲಿ ಕೂತು ಪೆನ್‌ಡ್ರೈವಿನಲ್ಲಿ ತಂದಿದ್ದ ತನ್ನ ಒಂದು ಶೀಟನ್ನು ತೆರೆಸಿ ನೋಡಿದಳು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲ ಮುಖಗಳೂ ಕಂಡವು. ಇಷ್ಟು ವರ್ಷಗಳಲ್ಲಿ ಅವಳು ತನ್ನ ಕೆಲಸವನ್ನು ಇಡಿಯಾಗಿ ನೋಡಿದ್ದು ಅದೇ ಮೊದಲು.

ಬೆಲೆ ಹೆಚ್ಚಾದ್ದರಿಂದ ಒಂದು ಮಾತು ಮಾಡಿಕೊಂಡರು. ಸೋಮವಾರದೊಳಗೆ ಪೆಟ್ಟಿಗೆ ಸಮೇತ ತಂದರೆ ಅಂಗಡಿಯವನು ವಾಪಸು ತೆಗೆದುಕೊಳ್ಳಬೇಕು. ಅವನು ಒಪ್ಪಿದ.

ಮನೆಗೆ ತಂದಾಗ ಅದು ಮೇಜಿಗಿಂತ ಉದ್ದವಾಯಿತು. ಟೇಬಲ್ಲಿಗಿಂತ ದೊಡ್ಡದು ತಂದಿದ್ದೀವಿ ಎಂದು ಕೊಟ್ರಸ್ವಾಮಿ ಕೊರಗಿದರೆ, "ಟೇಬಲ್ ಬದಲಿ ಮಾಡಾಕ ಬರತೈತಿ, ಶೀಟು ಬದಲಿ ಮಾಡಾಕ ಬರಲ್ಲ" ಎಂದಳು. ಅವನು ಹಿತ್ತಲಿನ ಹಳೆಯ ಬಾಗಿಲೊಂದನ್ನು ತೊಳೆದು, ಎರಡು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮಲಗಿಸಿ ಮೇಜು ಮಾಡಿದ. ಅಗಳಿ ಹಾಗೆಯೇ ಇತ್ತು. ಸುಮಲತಾ ವಾರವಿಡೀ ಅದರ ಮುಂದೆ ಕೂತು ಗುಡೇಕೋಟೆ ಅರಸೀಕೆರೆಯವರ ಆಲ್ಬಮ್ ಮಾಡಿದಳು. ಅದರಲ್ಲಿ ಅವಳು ಎಲ್ಲಕ್ಕಿಂತ ಹೆಚ್ಚು ಕಷ್ಟಪಟ್ಟದ್ದು ಒಂದು ಶೀಟಿಗೆ. ಅದನ್ನು ಬೀಗರ ಶೀಟು ಎಂದು ಕರೆಯುತ್ತಿದ್ದಳು. ಎಡಗಡೆ ಹೆಣ್ಣಿನ ಬಳಗ, ಬಲಗಡೆ ಗಂಡಿನ ಬಳಗ, ನಡುವೆ ಮದುಮಕ್ಕಳು. ಮಡಿಕೆ ಮದುಮಕ್ಕಳ ಭುಜಗಳ ನಡುವಿನಿಂದ ಹಾದುಹೋಗುತ್ತಿತ್ತು, ಒಂದು ಕೂದಲನ್ನೂ ಮುಟ್ಟುತ್ತಿರಲಿಲ್ಲ. ಎರಡು ಬಳಗದವರೂ ಒಂದೇ ಎತ್ತರ, ಒಂದೇ ಅಗಲ. ಇವರಲ್ಲಿ ಯಾರಾದರೂ ಒಂದು ಬೆರಳು ಚಿಕ್ಕದಾಗಿ ಕಂಡರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಎರಡೂ ಕಡೆಯವರು ಆಲ್ಬಮ್ ನೋಡಿ ಒಪ್ಪಿಗೆ ಕೊಡಲು ಬಂದರು. ಅಚ್ಚಾಗುವುದಕ್ಕೆ ಮೊದಲು ಬೀಗರನ್ನು ಒಟ್ಟಿಗೆ ಕೂರಿಸಿ ತೋರಿಸುವ ಪದ್ಧತಿ ಸುಮಲತಾ ಇಟ್ಟುಕೊಂಡಿದ್ದಾಳೆ, ಆಮೇಲೆ ಮಾತು ಬರಬಾರದೆಂದು. ಕುರ್ಚಿಗಳು ಸಾಲದೆ ನನ್ನ ಮನೆಯಿಂದ ಕೇಳಿದ್ದರಿಂದ, ಕುರ್ಚಿಗಳ ಜೊತೆಗೆ ನಾನೂ ಹೋಗಿ ಬಾಗಿಲ ಹತ್ತಿರ ಕೂತಿದ್ದೆ. ಮದುಮಕ್ಕಳು ಬಂದಿರಲಿಲ್ಲ. ಫೋಟೊಗಳೆಲ್ಲ ಫೋನಿನಲ್ಲಿ ಇವೆಯಲ್ಲ ಎಂದರಂತೆ. ಬಂದವರಲ್ಲಿ ಗಂಡಿನ ಕಡೆಗೆ ಮುಖ್ಯಸ್ಥರು ಹುಡುಗನ ತಂದೆ ಮಂಜಣ್ಣ. ಕುರಿ ವ್ಯಾಪಾರದಲ್ಲಿ ಹೆಸರು ಮಾಡಿದವರು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಹೆಣ್ಣಿನ ಕಡೆಗೆ ಹುಡುಗಿಯ ಅಜ್ಜಿ ಜಂಬಕ್ಕ. ಬಾಯಲ್ಲಿ ಎಲೆಯಡಿಕೆ ಇದ್ದಾಗಲೂ ಮಾತು ತಪ್ಪದ ಹೆಂಗಸು. ಮದುವೆಯಲ್ಲಿ ಕೂತ ಹಾಗೆಯೇ ಇಲ್ಲಿಯೂ ಕೂತರು, ಗಂಡಿನವರು ಬಲಕ್ಕೆ, ಹೆಣ್ಣಿನವರು ಎಡಕ್ಕೆ. ಯಾರೂ ಹೇಳಲಿಲ್ಲ, ತಾವೇ ಕೂತರು. ನಡುವೆ, ಪರದೆಯ ಎದುರಿಗೆ, ಸುಮಲತಾ ತನ್ನ ಕುರ್ಚಿಯಲ್ಲಿ.

ಮೊದಲ ಶೀಟುಗಳು ಸುಗಮವಾಗಿ ಹೋದವು. ಅರಿಶಿನ, ಧಾರೆ, ಅಕ್ಕಿಕಾಳು ಎಲ್ಲದರಲ್ಲಿಯೂ ಮದುಮಕ್ಕಳು ನಡುವೆ ಇದ್ದರು, ನಡುವಿನದು ಎಲ್ಲರಿಗೂ ಚೆನ್ನಾಗಿಯೇ ಕಂಡಿತು. ಪರದೆಯ ಗಾತ್ರ ನೋಡಿ ಮಂಜಣ್ಣ ಇದರ ಮೇಲೆ ನಾಲ್ಕು ಕುರಿ ಮಲಗಬಹುದು ಎಂದು ಹೊಗಳಿದರು. ಆಮೇಲೆ ಬೀಗರ ಶೀಟು ಬಂತು.

ಜಂಬಕ್ಕ ಕುತ್ತಿಗೆ ಚಾಚಿ ನೋಡಿದರು.

"ಏನವ್ವಾ ಸುಮಲತಾ, ನಮ್ಮೋರನ್ನ ಹಿಂಗ್ಯಾಕ ಒಣಗ್ಸಿದಿ? ಮದಿವ್ಯಾಗ ಎಲ್ಲಾರೂ ಚಂದಾಗೇ ಉಂಡಿದ್ರು."

ಅವರ ಕಡೆಯವರೆಲ್ಲ ಹೌದೆಂದರು. ತಮ್ಮವರು ಸಪೂರವಾಗಿ, ಬಣ್ಣ ತೊಳೆದಂತೆ ಬಿಳಿಚಿಕೊಂಡಿದ್ದಾರೆ, ಗಂಡಿನವರು ಮಾತ್ರ ಅಗಲವಾಗಿ ಥಳಥಳ ಎನ್ನುತ್ತಿದ್ದಾರೆ ಎಂದರು. ಸುಮಲತಾಳ ಕಣ್ಣಿಗೆ ಎರಡೂ ಸಮವಾಗಿಯೇ ಇದ್ದವು. ಅವಳು ಉತ್ತರ ಹೇಳುವ ಮೊದಲೇ ಮಂಜಣ್ಣ ಬಾಯಿ ಹಾಕಿದರು.

"ಬೀಗಿತ್ತೀ, ನಿಮ್ಮೋರು ಹಾಸಿಗಿ ಹಾಸಿದಂಗ ಅದಾರ. ಒಣಗಿದೋರು ನಾವು. ನಮ್ಮ ಅಣ್ಣನ್ನ ನೋಡು, ಊದಿನಕಡ್ಡಿ ಆಗ್ಯಾನ."

"ನಿನ್ನ ಕಣ್ಣಿಗೆ ಪೊರಿ ಬಂದೈತಿ ಬೀಗಾ. ಹೊಸಪೇಟ್ಯಾಗ ದವಾಖಾನಿ ಐತಿ, ಹೋಗಿ ತೋರ್ಸು."

ಎರಡೂ ಕಡೆಯವರು ಒಂದೇ ದೂರನ್ನು ತಂತಮ್ಮ ಪರವಾಗಿ ಹೇಳುತ್ತಿದ್ದರು. ಒಬ್ಬರು ಸುಳ್ಳು ಹೇಳಬಹುದು. ಎರಡೂ ಕಡೆಯವರು ಸೇರಿ, ಪರಸ್ಪರ ವಿರುದ್ಧವಾದ ಸುಳ್ಳನ್ನು ಒಂದೇ ಉಸಿರಿಗೆ ಹೇಳುವುದು ಸಾಧ್ಯವಿಲ್ಲ. ಆದರೆ ಆ ಹೊತ್ತಿನಲ್ಲಿ ಅದನ್ನು ಯೋಚಿಸುವ ಸ್ಥಿತಿಯಲ್ಲಿ ಸುಮಲತಾ ಇರಲಿಲ್ಲ. ಹಿರಿಯರ ಮಾತಿಗೆ ಮನ್ನಣೆ ಕೊಟ್ಟು ಹೆಣ್ಣಿನವರನ್ನು ಸ್ವಲ್ಪ ದೊಡ್ಡದು ಮಾಡಿದಳು. ಅಲ್ಲಿಗೆ ಗಂಡಿನ ಕಡೆಯ ಹೆಂಗಸರೂ ಎದ್ದು ನಿಂತರು. ಅವರನ್ನೂ ದೊಡ್ಡದು ಮಾಡಿದಳು. ಹೆಣ್ಣಿನವರು ಮತ್ತೆ ಗೊಣಗಿದರು. ಅವರನ್ನು ಇನ್ನೂ ಒಂದು ಬೆರಳು ಹಿಗ್ಗಿಸಿದಳು. ನಡುವಿನ ಮದುಮಕ್ಕಳು ಸಂತೆಯಲ್ಲಿ ಕಳೆದುಹೋದ ಮಕ್ಕಳಷ್ಟಾದರು. ಕೊಟ್ರಸ್ವಾಮಿ ಬೇರೇನೂ ತೋಚದೆ ಒದ್ದೆ ಬಟ್ಟೆ ತಂದು ಪರದೆಯನ್ನು ಒರೆಸಿದ, ಬಳಗದವರು ಧೂಳಿನಿಂದ ಮಸುಕಾಗಿದ್ದಾರೋ ಎಂಬಂತೆ.

ಮಾತು ಶೀಟಿನಿಂದ ಮದುವೆಗೆ ಹೋಯಿತು. ಊಟದಲ್ಲಿ ಯಾರಿಗೆ ಮೊದಲು ಎಲೆ ಹಾಕಿದರು, ಯಾರ ಕಡೆಯ ಬಸ್ಸಿಗೆ ನೆರಳಿರಲಿಲ್ಲ ಎಂಬುದೆಲ್ಲ ಹೊರಬಂತು. ಇದು ಇಲ್ಲಿ ಮುಗಿಯುವುದಿಲ್ಲ, ಎರಡು ಕಡೆಗೂ ಬೇರೆ ಬೇರೆ ಆಲ್ಬಮ್ ದಾವಣಗೆರೆಯಲ್ಲಿಯೇ ಮಾಡಿಸೋಣ ಎಂದು ಗಂಡಿನವರಲ್ಲಿ ಯಾರೋ ಅಂದರು. ಸುಮಲತಾ ಮೌಸಿನ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಮಾನಿಟರ್ ಬಂದಿದ್ದ ರಟ್ಟಿನ ಪೆಟ್ಟಿಗೆ ಮೂಲೆಯಲ್ಲಿತ್ತು. ಅವಳು ಆ ಕಡೆ ನೋಡಿದ್ದನ್ನು ನಾನು ನೋಡಿದೆ.

ಆಗ ಜಂಬಕ್ಕ ಎಲೆಯಡಿಕೆ ಉಗಿಯಲು ಎದ್ದರು. ಹಿತ್ತಲಿಗೆ ಹೋಗುವ ದಾರಿ ಸುಮಲತಾಳ ಕುರ್ಚಿಯ ಹಿಂದೆಯೇ ಇತ್ತು. ಉಗಿದು ಬಾಯಿ ಒರೆಸಿಕೊಂಡು ಬರುತ್ತ, ಕುರ್ಚಿಯ ಹಿಂದೆ ನಿಂತು ತಲೆ ಎತ್ತಿದರು.

"ಹಾಂ, ಈಗ ಸರಿ ಮಾಡಿದಿ ನೋಡು. ಹಿಂಗಿರ್ಲಿ."

"ನಾ ಏನೂ ಮಾಡಿಲ್ಲಬೇ ಅಜ್ಜಿ" ಎಂದಳು ಸುಮಲತಾ.

ಜಂಬಕ್ಕ ತಮ್ಮ ಜಾಗಕ್ಕೆ ಹೋಗಿ ಕೂತರು. ಪರದೆ ನೋಡಿದರು. ಮುಖ ಗಂಟು ಹಾಕಿದರು. ಎದ್ದು ಮತ್ತೆ ಕುರ್ಚಿಯ ಹಿಂದೆ ಬಂದರು, ಮುಖ ಸಡಿಲವಾಯಿತು. ಮತ್ತೆ ಜಾಗಕ್ಕೆ ಹೋದರು. ಕಂಬಳಿ ನೇಯುವ ಮಗ್ಗದ ಲಾಳಿಯಂತೆ ಆಚೆ ಈಚೆ ಓಡಾಡುವ ಆ ಹಿರಿಯರನ್ನು ನೋಡಿ ಮೊದಲು ನಕ್ಕವರು ಗಂಡಿನ ಕಡೆಯವರು, ಆಮೇಲೆ ಎಲ್ಲರೂ. ಸುಮಲತಾ ಮಾತ್ರ ನಗಲಿಲ್ಲ. ಎದ್ದು ಹೋಗಿ ಜಂಬಕ್ಕನ ಕುರ್ಚಿಯಲ್ಲಿ ಕೂತು, ತಲೆಯನ್ನು ಅವರಷ್ಟೇ ತಗ್ಗಿಸಿ ನೋಡಿದಳು. ಆಮೇಲೆ ಮಂಜಣ್ಣನವರನ್ನು ಎಬ್ಬಿಸಿ ಅಲ್ಲಿಯೂ ಕೂತು ನೋಡಿದಳು. ಆ ಪರದೆ ಮನೆಗೆ ಬಂದಾಗಿನಿಂದ ಅವಳು ಅದನ್ನು ಬದಿಯಿಂದ ನೋಡಿಯೇ ಇರಲಿಲ್ಲ. ಅಂಗಡಿಯಲ್ಲಿಯೂ ನಡುವಿನ ಕುರ್ಚಿಯಲ್ಲಿಯೇ ಕೂತಿದ್ದಳು, ಮನೆಯಲ್ಲಿಯೂ ಹಾಗೆಯೇ. ಒಬ್ಬನೇ ಕೂತು ಆಟವಾಡಲೆಂದು ಬಗ್ಗಿಸಿದ ಗಾಜು ಅದು. ಎಡಕ್ಕೆ ಕೂತವರಿಗೆ ಬಲಗಡೆಯ ತುದಿ ಎದುರಾಗಿ ತಿರುಗಿರುತ್ತದೆ, ಆದ್ದರಿಂದ ಗಂಡಿನವರು ಅಗಲವಾಗಿ ಕಾಣುತ್ತಾರೆ. ತಮ್ಮ ಕಡೆಯ ತುದಿ ಓರೆಯಾಗಿ ಮುಖ ತಿರುಗಿಸಿರುತ್ತದೆ, ಅಲ್ಲಿರುವವರು ಸಪೂರವಾಗಿ ಮಂಕಾಗುತ್ತಾರೆ. ಬಲಕ್ಕೆ ಕೂತವರಿಗೂ ಇದೇ, ತಿರುಗುಮುರುಗಾಗಿ. ಎರಡೂ ಕಡೆಯವರು ನಿಜವನ್ನೇ ಹೇಳಿದ್ದರು.

ಇದರಿಂದ ಮನುಷ್ಯ ಸ್ವಭಾವದ ಬಗ್ಗೆ ನೀತಿ ತೆಗೆಯುವವರು ತೆಗೆಯಲಿ. ನಾನು ತೆಗೆಯುವುದಿಲ್ಲ. ಅದು ಗಾಜು ಬಾಗಿದ್ದರ ವಿಷಯ.

ಕಾರಣ ತಿಳಿದ ಮಾತ್ರಕ್ಕೆ ಕಷ್ಟ ಮುಗಿಯಲಿಲ್ಲ. ಹಾಗಾದರೆ ಜಾಗ ಬದಲಿಸಿ ಕೂತುಬಿಡಿ, ತಂತಮ್ಮವರು ಚೆನ್ನಾಗಿ ಕಾಣುತ್ತಾರೆ ಎಂದು ಕೊಟ್ರಸ್ವಾಮಿ ಸಲಹೆ ಕೊಟ್ಟ. ಗಂಡಿನವರು ಎಡಕ್ಕೆ ಕೂತ ಉದಾಹರಣೆ ಯಾವ ಊರಲ್ಲಿದೆ ಎಂದು ಮಂಜಣ್ಣ ಕೇಳಿದರು. ಒಬ್ಬೊಬ್ಬರೇ ನಡುವಿನ ಕುರ್ಚಿಗೆ ಬಂದು ನೋಡಲಿ ಎಂದರೆ, ಮೊದಲು ಯಾರು ಎಂಬುದು ಬಂತು. ತಾಂಬೂಲ ಮೊದಲು ಗಂಡಿನವರಿಗೆ, ಆದ್ದರಿಂದ ಕುರ್ಚಿಯೂ ಮೊದಲು ನಮಗೆ ಎಂದು ಇವರು. ಮನೆಯ ಹೆಣ್ಣನ್ನು ಮೊದಲು ಕೊಟ್ಟವರು ನಾವು, ಆಮೇಲಲ್ಲವೇ ನಿಮ್ಮ ತಾಂಬೂಲ ಎಂದು ಅವರು. ಎರಡೂ ವಾದಗಳಲ್ಲಿ ಹುರುಳಿತ್ತು.

ಸುಮಲತಾ ತನ್ನ ಕುರ್ಚಿಯನ್ನು ಎಳೆದು ಹಿಂದಕ್ಕಿಟ್ಟಳು. ಪಕ್ಕದ ಫೋಟೊ ತೆಗೆಯುವ ಕೋಣೆಯಲ್ಲಿ ಒಂದು ಬೆಂಚಿದೆ. ಹೊಸದಾಗಿ ಮದುವೆಯಾದವರು ಜೋಡಿ ಫೋಟೊಗೆ ಕೂರುವ ಬೆಂಚು. ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರಲಿ ಎಂದೇ ಗಿಡ್ಡವಾಗಿ ಮಾಡಿಸಿದ್ದು. ಅದನ್ನು ತಂದು ಪರದೆಯ ನಟ್ಟನಡುವೆ ಹಾಕಿದಳು. ಯಾರೂ ಮೊದಲಲ್ಲ, ಯಾರೂ ಆಮೇಲಲ್ಲ, ಎರಡು ಕಡೆಯ ಹಿರಿಯರು ಒಟ್ಟಿಗೆ ಕೂರಬೇಕು ಎಂದಳು. ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ. ಶಾಲೆಯಲ್ಲಿ ಸಾಲು ಮಾಡಿಸುವವರ ದನಿ ಅದು.

ಮಂಜಣ್ಣ ಬೆಂಚನ್ನು ನೋಡಿದರು, ಜಂಬಕ್ಕನನ್ನು ನೋಡಿದರು. "ನನ್ನ ಹೆಣ್ತಿ ಜತಿಗೇ ನಾ ಇಂಥಾದ್ರ ಮ್ಯಾಲ ಕುಂತಿಲ್ಲ" ಎಂದರು.

"ಕುಂದ್ರು ಬೀಗಾ" ಎಂದರು ಜಂಬಕ್ಕ, ಆಗಲೇ ಬೆಂಚಿನ ಎಡಕ್ಕೆ ಕೂತು. "ನಿನ್ನ ಹೊತ್ಗಂಡು ಹೋಗಾಕ ನನ್ನ ಸೊಂಟದಾಗ ಶಕ್ತಿ ಇಲ್ಲ."

ಮಂಜಣ್ಣನ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ನಕ್ಕರು. ಮಂಜಣ್ಣ ಕೂತರು. ಅವರ ಅರ್ಧ ದೇಹ ಬೆಂಚಿನ ಹೊರಗಿತ್ತು, ಉಳಿದರ್ಧದ ಭಾರಕ್ಕೆ ಜಂಬಕ್ಕ ಒರಗಿದಂತಾದರು. ಬೀಳದಿರಲು ಇಬ್ಬರೂ ಒಬ್ಬರಿಗೊಬ್ಬರು ಆಧಾರವಾಗಿ ಕೂರಬೇಕಾಯಿತು. ಹಾಗೆ ಕೂತು ಇಬ್ಬರೂ ಒಂದೇ ಸಲ ಪರದೆ ನೋಡಿದರು.

ಇಬ್ಬರಿಗೂ ಒಂದೇ ಕಂಡಿತು. ಕೊನೆಯ ಸಲ ಹಿಗ್ಗಿಸಿದ್ದು ಹೆಣ್ಣಿನವರನ್ನು. ಆದ್ದರಿಂದ ಅವರು ನಿಜವಾಗಿಯೇ ಒಂದು ಬೆರಳಿನಷ್ಟು ದೊಡ್ಡದಾಗಿದ್ದರು. ಅಷ್ಟು ಹೊತ್ತು ತಮಗೆ ಅನ್ಯಾಯವಾಗಿದೆ ಎಂದು ಕೂಗಾಡಿದ ಜಂಬಕ್ಕ, ಅನ್ಯಾಯ ತಮ್ಮ ಲಾಭಕ್ಕೇ ಆಗಿರುವುದನ್ನು ಕಂಡರು. ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ.

"ಸುಮಲತಾ, ನಮ್ಮೋರು ಒಂದು ಬಟ್ಟು ಜಾಸ್ತಿ ಆಗ್ಯಾರ. ಇಳಸವ್ವ" ಎಂದರು.

"ಇರ್ಲಿ ಬಿಡು" ಎಂದರು ಮಂಜಣ್ಣ. "ಹೆಣ್ಣು ಕೊಟ್ಟೋರು ನೀವು. ಒಂದು ಬಟ್ಟು ಹೆಚ್ಚಿದ್ರ ನಮ್ಮ ಗಂಟೇನು ಹೋಗಲ್ಲ."

"ನಿನ್ನ ದಾನ ನಮಗ ಬ್ಯಾಡ."

"ದಾನ ಅಲ್ಲಬೇ, ಮರ್ಯಾದಿ."

"ಮರ್ಯಾದಿ ಆದ್ರ ನಿಮ್ಮೋರನ್ನ ದೊಡ್ಡದು ಮಾಡ್ಲಿ. ನಮ್ಮ ಹುಡುಗಿ ಬಾಳೇವು ಮಾಡೋ ಮನಿ ಅದು."

ಹೀಗೆ ಜಗಳ ತಿರುಗಿಬಿತ್ತು. ನಿಮ್ಮವರು ದೊಡ್ಡದಿರಲಿ, ಇಲ್ಲ ನಿಮ್ಮವರೇ ಇರಲಿ ಎಂದು ಎರಡು ಕಡೆಯವರೂ ಮೊದಲಿನಷ್ಟೇ ಹಟದಿಂದ ಹಿಡಿದುಕೊಂಡರು. ಹಿಂದಿನಿಂದ ಇಬ್ಬರ ಬಳಗವೂ ತಂತಮ್ಮ ಹಿರಿಯರಿಗೆ ಬೆಂಬಲ ಕೊಟ್ಟಿತು. ಇದೂ ಸಂಜೆಯವರೆಗೆ ನಡೆಯುವ ಲಕ್ಷಣವಿತ್ತು. ಸುಮಲತಾ ಇಬ್ಬರ ನಡುವೆ ಬಗ್ಗಿ ಮೌಸನ್ನು ಕೈಗೆ ತೆಗೆದುಕೊಂಡಳು.

"ಇಬ್ರೂ ಸುಮ್ನಿರ್ರಿ. ಬಳಗ ನಿಮ್ದು, ಶೀಟು ನಂದು. ನಾ ಸಮ ಮಾಡ್ತೀನಿ, ನೀವು ನೋಡಿ ಹೂಂ ಅನ್ರಿ."

ಶೀಟನ್ನು ವಾರವಿಡೀ ಕೂತು ಮಾಡಿದ್ದ ಮೊದಲಿನ ರೂಪಕ್ಕೆ ತಂದು ನಿಲ್ಲಿಸಿದಳು. ಮದುಮಕ್ಕಳು ಮತ್ತೆ ತಮ್ಮ ಗಾತ್ರಕ್ಕೆ ಬಂದರು. ಮಂಜಣ್ಣ ಹೂಂ ಎಂದರು. ಜಂಬಕ್ಕ ಕಣ್ಣು ಕಿರಿದು ಮಾಡಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಪ್ರತಿಯೊಬ್ಬರನ್ನೂ ನೋಡಿ, ಕೊನೆಗೆ ಹೂಂ ಎಂದರು. ಇಬ್ಬರೂ ಏಳಲು ಹೋದಾಗ ಒಬ್ಬರು ಎದ್ದರೆ ಇನ್ನೊಬ್ಬರು ಬೀಳುತ್ತಾರೆಂದು ತಿಳಿದು, ಕೈ ಹಿಡಿದು ಒಟ್ಟಿಗೆ ಎದ್ದರು.

ಆಮೇಲೆ ಬಂದವರೆಲ್ಲರಿಗೂ ಬೆಂಚಿನ ಮೇಲೆ ಕೂರಬೇಕೆನಿಸಿತು. ಈ ಕಡೆಯಿಂದ ಒಬ್ಬರು, ಆ ಕಡೆಯಿಂದ ಒಬ್ಬರು. ಮದುವೆಯ ದಿನ ಒಬ್ಬರನ್ನೊಬ್ಬರು ಮಾತಾಡಿಸದ ಇಬ್ಬರು ಚಿಕ್ಕಪ್ಪಂದಿರು ಭುಜ ತಾಗಿಸಿ ಕೂತು, ಆ ಶೀಟಿನಲ್ಲಿ ತಮ್ಮಿಬ್ಬರ ಹೊಟ್ಟೆಗಳೂ ಸಮವಾಗಿರುವುದನ್ನು ಲೆಕ್ಕ ಹಾಕಿ ಸಂತೋಷಪಟ್ಟರು. ಕತ್ತಲಾಗುವ ಹೊತ್ತಿಗೆ ಅವರ ಟೆಂಪೊ ಹೊರಟಿತು. ಎಲ್ಲರೂ ಒಪ್ಪಿದ್ದರು. ಮಂಜಣ್ಣ ಹೋಗುವಾಗ, ಕೂಡ್ಲಿಗಿಯಲ್ಲಿ ತಮ್ಮ ತಂಗಿಯ ಮಗಳ ಮದುವೆಯ ಫೋಟೊಗಳು ಸ್ಟುಡಿಯೊದಲ್ಲಿ ಹಾಗೆಯೇ ಬಿದ್ದಿವೆ, ಇಲ್ಲಿಗೇ ಕಳಿಸಲು ಹೇಳುತ್ತೇನೆ ಎಂದರು.

ಸೋಮವಾರ ಸುಮಲತಾ ದಾವಣಗೆರೆಗೆ ಹೋಗುವ ಬದಲು ಬೀಗರ ಶೀಟನ್ನು ಕಳಿಸಿ, ಕರಿಸಿದ್ದಪ್ಪನವರಿಗೆ ಫೋನು ಮಾಡಿದಳು. ತಾನು ಬರುವುದಿಲ್ಲ, ಆದರೆ ಅಚ್ಚಿಗೆ ಕೆಲಸ ಕಳಿಸುತ್ತಿರುತ್ತೇನೆ ಎಂದಳು. ಅವರು ಶೀಟು ನೋಡಿ, ಇಬ್ಬರೂ ಬೀಗರು ಅಚ್ಚಾಗುವ ಮೊದಲೇ ಹೂಂ ಅಂದರೇ ಎಂದು ಎರಡು ಸಲ ಕೇಳಿದರು. ತಮ್ಮ ಲ್ಯಾಬಿನಲ್ಲಿ ಅಂಥದ್ದು ಆಗಿದ್ದೇ ಇಲ್ಲವಂತೆ. ಅವಳು ಬೆಂಚಿನ ವಿಷಯ ಹೇಳಿದಳು. ಅವರು ಅಳತೆ ಕೇಳಿ ಬರೆದುಕೊಂಡರು.

ರಟ್ಟಿನ ಪೆಟ್ಟಿಗೆಯನ್ನು ಕೊಟ್ರಸ್ವಾಮಿ ಆ ದಿನವೇ ಬಿಚ್ಚಿ ಮಡಚಿ ಅಟ್ಟಕ್ಕೆ ಹಾಕಿದ. ಹಗರಿಬೊಮ್ಮನಹಳ್ಳಿಯಿಂದ ಎರಡು ಮದುವೆಗಳ ಫೋಟೊಗಳು ಬಂದಾಗ ಅವನಿಗೆ ಉತ್ಸಾಹ ಹೆಚ್ಚಿತು. ಬಡಗಿಯನ್ನು ಕರೆಸಿ ನಾಲ್ಕು ಮಂದಿ ಕೂರುವ ಉದ್ದನೆಯ ಬೆಂಚು ಮಾಡಿಸೋಣ, ಕೆಲಸ ಬೇಗ ಮುಗಿಯುತ್ತದೆ ಎಂದ. ನಾನು ಅಲ್ಲಿಯೇ ಇದ್ದೆ.

"ಬ್ಯಾಡ" ಎಂದಳು ಸುಮಲತಾ, ಪರದೆಯಿಂದ ಕಣ್ಣು ತೆಗೆಯದೆ. "ನಾಕು ಮಂದಿ ಕುಂತ್ರ ಮತ್ತ ಎರಡು ಕಡಿ ಆಗ್ತಾವ. ಇಬ್ರು ಸಾಕು."

ಮಂಜಣ್ಣನವರ ಭಾರಕ್ಕೆ ಬೆಂಚಿನ ಒಂದು ಕಾಲು ಸಡಿಲವಾಗಿತ್ತು. ಕೊಟ್ರಸ್ವಾಮಿ ಅದಕ್ಕೆ ಎರಡು ಮೊಳೆ ಹೊಡೆದು, ಪರದೆಯ ಎದುರಿಗೇ ಬಿಟ್ಟ.